ಬರೀ ನೀರಿನ ಗುಂಪು

ಸಹರಿಗೆ ಕುಡಿದ ಗಂಜಿ ಇನ್ನೂ ಗಂಟಲಲ್ಲೇ ಇದೆ.
ನಾಲ್ಕೂಕಾಲು. ಪ್ರಾಣಿಮನೆಯ ಬೀಗ ತೆಗೆದು
ಮೂವತ್ತು ಪಂಜರದ ಕಾಳಿನ ಬಟ್ಟಲು ಹೊರಗಿಡುತ್ತೇನೆ.
ಇನ್ನು ಇಪ್ಪತ್ತನಾಲ್ಕು ಗಂಟೆ ಇವಕ್ಕೂ ಉಪವಾಸ.
ಇವಕ್ಕೆ ನೀರಾದರೂ ಉಂಟು, ನನಗೆ ಅದೂ ಇಲ್ಲ.
ಸಲಾಲಾದ ಮೊದಲ ಬಾಂಗು ಕಿಟಕಿಯ ಗಾಜಿಗೆ ತಾಗುವಾಗ
ಬಿಳಿ ಇಲಿಗಳು ಮೂಗೆತ್ತಿ ನನ್ನ ಕೈಯನ್ನೇ ನೋಡುತ್ತವೆ,
ಮರೆತುಬಿಟ್ಟನೇನೋ ಎಂಬಂತೆ.

ಹನ್ನೊಂದು ವರ್ಷ ಮಸ್ಕತ್ತಿನ ರೂವಿಯಲ್ಲಿ,
ಹೋಟೆಲಿನ ಹಿಂಬದಿಯಲ್ಲಿ ಪರೋಟ ಬಡಿದವ ನಾನು.
ಊಟ ಸಿಕ್ಕರೆ ಮೂರು ಗಂಟೆಗೆ, ಇಲ್ಲವಾದರೆ ಸುಲೈಮಾನಿ ಚಾ,
ತಲೆನೋವಿಗೊಂದು ಗುಳಿಗೆ, ಅದರ ಮೇಲೆ ಇನ್ನೊಂದು ಚಾ.
ಹೊಟ್ಟೆಪಾಡಿಗೆ ಬಂದವನ ಹೊಟ್ಟೆಯೇ ಮೊದಲು ಕೆಟ್ಟಿತು.
ಉರಿ ಎದ್ದರೆ ಬೆನ್ನಿನವರೆಗೂ ಯಾರೋ
ಕಾದ ಚಟ್ಟುಗದ ಮೊನೆ ಆಡಿಸಿದ ಹಾಗೆ.
ಕಂಪನಿ ಡಾಕ್ಟರಿಗೆ ಹೇಳಲಿಲ್ಲ. ಯಾರು ಹೇಳುತ್ತಾರೆ?

ಈಗ ಇಲ್ಲಿ, ಡಾಕ್ಟರ್ ಜುವೈನಾರ ಕೈಕೆಳಗೆ
ಇಲಿ ತೂಗುತ್ತೇನೆ, ಬಾಲಕ್ಕೆ ಶಾಯಿಯ ಗೆರೆ ಎಳೆಯುತ್ತೇನೆ,
ಲೋಬಾನ ನೆನೆಸಿ, ಸೋಸಿ, ಒಣಗಿಸಿ
ಉಳಿದ ಪುಡಿಯನ್ನು ಮಿಲಿಗ್ರಾಮಿನಲ್ಲಿ ಅಳೆಯುತ್ತೇನೆ.
ಉಪ್ಪಿನಂಗಡಿಯಲ್ಲಿ ಇದನ್ನು ನಾವು ಕೆಂಡಕ್ಕೆ ಹಾಕುತ್ತೇವೆ;
ಇಲ್ಲಿಯವರು ನೀರಿಗೆ ಹಾಕಿ ಕುಡಿಯುತ್ತಾರೆ, ಹೊಟ್ಟೆಗೆ ತಂಪೆಂದು.
ತಂಪು ನಿಜವೋ ಎಂದು ಕೇಳಲಿಕ್ಕೆ ಐದು ಗುಂಪು.
ಮೂರು ಗುಂಪಿಗೆ ಲೋಬಾನ: ಸ್ವಲ್ಪ, ಇನ್ನಷ್ಟು, ಜಾಸ್ತಿ.
ಎರಡನೆಯದಕ್ಕೆ ಒಮೆಪ್ರಜೋಲ್,
ನನ್ನ ದಿಂಬಿನ ಅಡಿಯಲ್ಲಿರುವ ಅದೇ ಮಾತ್ರೆ.
ಒಂದನೆಯದಕ್ಕೆ ಬರೀ ನೀರು.

ಮರುದಿನ, ಕೊಡುವುದನ್ನು ಕೊಟ್ಟು ಒಂದು ಗಂಟೆ ಕಾದು
ಎಲ್ಲಕ್ಕೂ ಸಾರಾಯಿ.
ಸಾರಾಯಿಯೇ ಮತ್ತೆ, ಡಬ್ಬದ ಮೇಲೆ ಎಥನಾಲ್ ಎಂದಿದ್ದರೇನು.
ಜನ್ಮದಲ್ಲಿ ತುಟಿಗೆ ಸೋಕಿಸದವ, ಅದೂ ಉಪವಾಸ ಹಿಡಿದವ,
ಬಾಗಿದ ಸೂಜಿಯ ಗುಂಡುತುದಿ ನಾಲಗೆ ದಾಟಿಸಿ
ಮೂವತ್ತು ಹೊಟ್ಟೆಗೆ ಒಂದೊಂದಾಗಿ ಇಳಿಸಿದೆ.
ಒಂದನೇ ಗುಂಪಿನ ನಾಲ್ಕು ಗೆರೆಯ ಇಲಿ
ನನ್ನ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತ್ತು.
ಹೊಟ್ಟೆಗೆ ಹಾಕಿಕೋ ಮಾರಾಯ, ಅಂದೆ.
ಅಂದ ಮೇಲೆ, ಏನಂದೆ ಎಂದು ಗೊತ್ತಾಯಿತು.

ಜಠರವನ್ನು ಬಾಗಿದ ಅಂಚಿನಲ್ಲಿ ಸೀಳಿ, ತೊಳೆದು,
ಮೇಣದ ಹಲಗೆಗೆ ಗುಂಡುಸೂಜಿಯಿಂದ ಹರಡಿದರೆ
ಅಂಚೆಚೀಟಿಗಿಂತ ತುಸು ದೊಡ್ಡದು, ಅಷ್ಟೇ.
ಬರೀ ನೀರಿನವರದು: ಕಪ್ಪುಗೆಂಪು ಗೆರೆ, ಉದ್ದಕ್ಕೆ, ಒತ್ತೊತ್ತಾಗಿ,
ಕಾವಲಿಗೆ ಹತ್ತಿ ಸೀದ ಪರೋಟದ ಹಾಗೆ. ನೋಡುತ್ತಾ ನಿಂತೆ.
ನನ್ನ ಒಳಗನ್ನು ಯಾರೂ ಹೀಗೆ ಬೆಳಕಿಗೆ ಹಿಡಿದಿರಲಿಲ್ಲ.
ಡಾಕ್ಟರ್ ಲೆನ್ಸಿನಡಿ ಎಣಿಸಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ.
ಐದನೇ ಗುಂಪಿಗೆ ಬಂದಾಗ ಅವರ ದನಿ ಮೆತ್ತಗಾಯಿತು:
ಎರಡು. ಒಂದು. ಇಲ್ಲ. ಮೂರು. ಒಂದು. ಇಲ್ಲ.
"ಹಾಗೆ ನಗಬೇಡ ಯೂಸುಫ್, ಆರೇ ಇಲಿ. ಇನ್ನೊಮ್ಮೆ ಮಾಡಬೇಕು."

ಹಾಫಾ ಸೂಕಿನ ಉಮ್ ಸುಹೈಲ್‌ಗೆ ಇದನ್ನು ಹೇಳಬಾರದಿತ್ತು.
ನಿಖಾಬಿನ ಸಂದಿಯಿಂದ ದಿಟ್ಟಿಸಿ, ಎಷ್ಟು ಇಲಿ ಎಂದಳು.
ಮೂವತ್ತು.
ಬಟ್ಟೆಯ ಹಿಂದೆ ತುಟಿ ಅಲುಗಿತು, ದುಆ ಇದ್ದೀತು.
ಆಮೇಲೆ ತಕ್ಕಡಿಗೆ ಹಸಿರು ಹರಳು ಸುರಿದು
ಕಿಲೋಗೆ ಎರಡು ರಿಯಾಲ್ ಜಾಸ್ತಿ ಕೇಳಿದಳು:
"ಈಗ ಇದು ಪರೀಕ್ಷೆ ಪಾಸಾದ ಮಾಲು."

ಸಂಜೆಯ ಬಾಂಗು. ಒಂದು ಖರ್ಜೂರ, ಆಮೇಲೆ
ರಾತ್ರಿಯೇ ನೆನೆಸಿಟ್ಟ ಲೋಬಾನದ ನೀರು,
ಕಹಿ, ಮಾವಿನ ಸೊನೆಯ ವಾಸನೆ.
ಉರಿ ಇಳಿಯಿತೋ, ಇಳಿದ ಹಾಗೆ ಅನಿಸಿತೋ,
ಹೇಳಲಾರೆ. ನಾನು ಒಬ್ಬನೇ,
ಹೋಲಿಸಿ ನೋಡಲು ನನಗೊಂದು ಗುಂಪಿಲ್ಲ.

ನಾಳೆ ಹೊಸ ಮೂವತ್ತು ಬರುತ್ತವೆ.
ಪಂಜರ ತೊಳೆದು ಮರದ ಹೊಟ್ಟು ಹಾಸಿದ್ದೇನೆ.
ಮೊದಲ ವಾರ ಹೊಟ್ಟೆತುಂಬ ಕೊಡಬೇಕು, ಅದು ನಿಯಮ.
ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದೊಂದು ಹಿಡಿ ಕಾಳು
ಹೆಚ್ಚೇ ಹಾಕಿಟ್ಟಿದ್ದೇನೆ.
ಲೆಕ್ಕ ಬರೆಯುವವ ನಾನೇ.